ಇಜ್ನಿಕ್‌ನ ದಂಡೆಯಲ್ಲಿ, 1700 ವರ್ಷದ ಒಂದು ಜಗಳ

ಇಜ್ನಿಕ್‌ಗೆ ಹೋಗುವುದು ಕಷ್ಟವೇನಲ್ಲ. ಇಸ್ತಾಂಬುಲ್‌ನ ಯೆನಿಕಾಪಿಯಲ್ಲಿ ಫೆರ್ರಿ ಹತ್ತಬೇಕು, ಮರ್ಮರಾ ಸಮುದ್ರ ದಾಟಿ ಯಾಲೊವಾದಲ್ಲಿ ಇಳಿಯಬೇಕು, ಅಲ್ಲಿಂದ ಮಿನಿಬಸ್. ಓರ್ಹಾನ್‌ಗಾಜಿ ದಾಟಿದ ಮೇಲೆ ಬರೀ ಆಲಿವ್ ತೋಟಗಳು. ಬಲಗಡೆ ಸರೋವರ ಶುರುವಾದರೆ ಮುಗಿಯುವುದೇ ಇಲ್ಲ, ಸುಮಾರು 32 ಕಿಲೋಮೀಟರ್ ಉದ್ದ ಇದೆ. ಅದರ ಪೂರ್ವದ ತುದಿಯಲ್ಲಿ, ಹಳೇ ರೋಮನ್ ಕೋಟೆಗೋಡೆಯ ಒಳಗೆ, ಈ ಸಣ್ಣ ಊರು. ಹಿಂದೆ ಇದರ ಹೆಸರು ನೈಸಿಯಾ.

ಜೊತೆಗಿದ್ದವನು ಗದಗ-ಬೆಟಗೇರಿಯ ಗೆಳೆಯ. ಬಾಸೆಲ್ ಮಿಷನ್ ಕಾಲದಿಂದ ಅವರದು ಪ್ರಾಟೆಸ್ಟಂಟ್ ಚರ್ಚಿಗೆ ಹೋಗುವ ಮನೆತನ. ನನಗೆ ಇತಿಹಾಸದ ಹುಚ್ಚು, ಅವನಿಗೆ ಇದು ಒಂಥರಾ ಯಾತ್ರೆ. "ನಾವು ಚರ್ಚಿನ್ಯಾಗ ಎದ್ದು ನಿಂತು ಹೇಳೋ ವಿಶ್ವಾಸ ಪ್ರಮಾಣ ಹುಟ್ಟಿದ ಊರು ಇದು" ಅಂತ ಬಸ್ಸಿನಲ್ಲೇ ಶುರು ಮಾಡಿದ್ದ.

ಕ್ರಿ.ಶ. 325ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಇಲ್ಲಿಗೆ ಬಿಷಪ್‌ಗಳನ್ನು ಕರೆಸಿದ. ಸಂಪ್ರದಾಯ ಹೇಳುವ ಲೆಕ್ಕ 318. ಅಲ್ಲಿ ಕೂತಿದ್ದ, ಚರ್ಚಿನ ಇತಿಹಾಸ ಬರೆದ ಬಿಷಪ್ ಯೂಸೇಬಿಯಸ್ 250ಕ್ಕಿಂತ ಜಾಸ್ತಿ ಅಂತಷ್ಟೇ ಬರೆದಿದ್ದಾನೆ. ಬಂದವರಲ್ಲಿ ಕೆಲವರು ರೋಮನ್ ಸಾಮ್ರಾಜ್ಯ ಕ್ರೈಸ್ತರಿಗೆ ಕೊಟ್ಟ ಹಳೇ ಹಿಂಸೆಯ ಕಾಲದಲ್ಲಿ ಕಣ್ಣು, ಕಾಲು ಕಳೆದುಕೊಂಡವರು. ಈಗ ಅದೇ ಸಾಮ್ರಾಜ್ಯದ ಅರಮನೆಯಲ್ಲಿ ಊಟ!

ಜಗಳ ಯಾವುದರ ಬಗ್ಗೆ? ಯೇಸು ಯಾರು ಅನ್ನುವುದರ ಬಗ್ಗೆ. ಅಲೆಕ್ಸಾಂಡ್ರಿಯಾದ ಪಾದ್ರಿ ಅರಿಯಸ್ ಹೇಳಿದ್ದು ಸರಳವಾಗಿತ್ತು: ದೇವರು ಒಬ್ಬನೇ, ಮಗನನ್ನು ಅವನು ಎಲ್ಲಕ್ಕಿಂತ ಮೊದಲು ಸೃಷ್ಟಿ ಮಾಡಿದ, ಹಾಗಾಗಿ ಮಗ ಇಲ್ಲದಿದ್ದ ಒಂದು ಹೊತ್ತು ಇತ್ತು. ಇದನ್ನು ನಾವಿಕರು, ಬೀಸುವವರು, ದಾರಿಹೋಕರು ಗುನುಗುವ ಹಾಡುಗಳಲ್ಲೂ ಕಟ್ಟಿ ಬಿಟ್ಟನಂತೆ. ಅವನು ಮನಸ್ಸಿಗೆ ಬಂದದ್ದನ್ನು ಹೇಳಿದವನಲ್ಲ. ಅವನ ಬಳಿ ಬೈಬಲ್ ವಚನಗಳಿದ್ದವು. ಯೋಹಾನ 14:28ರಲ್ಲಿ ಯೇಸುವೇ ಹೇಳುತ್ತಾನೆ, ತಂದೆ ನನಗಿಂತ ದೊಡ್ಡವನು ಅಂತ. ಜ್ಞಾನೋಕ್ತಿ 8:22ರಲ್ಲಿ ಜ್ಞಾನವು, ದೇವರು ಮೊದಲು ನನ್ನನ್ನು ಉಂಟುಮಾಡಿದ ಅನ್ನುತ್ತದೆ. ಆ ಜ್ಞಾನ ಅಂದರೆ ಕ್ರಿಸ್ತನೇ ಅನ್ನುವುದರಲ್ಲಿ ಎರಡೂ ಪಕ್ಷಕ್ಕೆ ತಕರಾರಿರಲಿಲ್ಲ.

ಎದುರು ಪಕ್ಷದ ಕೈಯಲ್ಲಿದ್ದದ್ದೂ ಅದೇ ಪುಸ್ತಕ. ಆದಿಯಲ್ಲಿ ವಾಕ್ಯವಿತ್ತು, ಆ ವಾಕ್ಯ ದೇವರಾಗಿತ್ತು ಅಂತ ಯೋಹಾನನ ಮೊದಲನೇ ಅಧ್ಯಾಯ. ನಾನೂ ತಂದೆಯೂ ಒಂದೇ ಅಂತ 10:30. ಆಗಿನ್ನೂ ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ಸೇವಕ, ಆಗಿದ್ದ ಅಥನೇಸಿಯಸ್ ಮುಂದೆ ಈ ಪಕ್ಷದ ದೊಡ್ಡ ದನಿಯಾದ. ಅವನ ವಾದ ಇದು: ವಚನವನ್ನು ಕಿತ್ತು ತೆಗೆದು ಓದಬೇಡಿ. ಮನುಷ್ಯನಾಗಿ ಬಂದವನ ಬಗ್ಗೆ ಹೇಳಿದ್ದು ಯಾವುದು, ಅನಾದಿಯಿಂದ ದೇವರಾಗಿ ಇರುವವನ ಬಗ್ಗೆ ಹೇಳಿದ್ದು ಯಾವುದು ಅಂತ ಬಿಡಿಸಿ ನೋಡಿ. ಹಸಿದವನು, ಅತ್ತವನು, ಸತ್ತವನು ಅವನೇ. ಸತ್ತವರನ್ನು ಎಬ್ಬಿಸಿದವನೂ ಅವನೇ.

ನನಗನ್ನಿಸುವುದು, ಬಿಡಿ ವಚನಗಳ ಲೆಕ್ಕದಲ್ಲಿ ಅರಿಯಸ್ ಒಳ್ಳೇ ಓದುಗನೇ. ಆದರೆ ಕ್ರೈಸ್ತರು ಆ ಹೊತ್ತಿಗಾಗಲೇ ಯೇಸುವಿಗೆ ಪ್ರಾರ್ಥನೆ ಮಾಡುತ್ತಿದ್ದರಲ್ಲ? ಸೃಷ್ಟಿಯಾದವನಿಗೆ ಪೂಜೆ ಸಲ್ಲಿಸಿದರೆ ಅದು ವಿಗ್ರಹಾರಾಧನೆಯೇ ಆಗುವುದಿಲ್ಲವೇ? ಅರಿಯಸ್ ಸಿಕ್ಕಿಬೀಳುವುದು ಅಲ್ಲಿ. ಇದನ್ನು ಗೆಳೆಯನಿಗೆ ಹೇಳಿದೆ. "ಬರೇ ಒಂದ್ ವಚನ ಹಿಡಕೊಂಡು ಕುಂತ್ರ ಹಿಂಗ ಆಗೋದು. ಇಡೀ ಪುಸ್ತಕ ಓದಬೇಕು" ಅಂದ, ತಾನೇ ಸಭೆಯಲ್ಲಿ ಕೂತು ಗೆದ್ದವನ ಹಾಗೆ.

ಸಭೆ ಅಂಗೀಕರಿಸಿದ ಪ್ರಮಾಣ ಚಿಕ್ಕದು. ಎಲ್ಲವನ್ನೂ ಮಾಡಿದ ಒಬ್ಬ ದೇವರು, ತಂದೆ. ಅವನಿಂದ ಹುಟ್ಟಿದ, ಆದರೆ ಸೃಷ್ಟಿಯಾಗದ ಮಗ, ತಂದೆಯಷ್ಟೇ ದೇವರು. ನಮಗಾಗಿ ಮನುಷ್ಯನಾದ, ಬಾಧೆಪಟ್ಟ, ಮೂರನೇ ದಿನ ಎದ್ದ, ನ್ಯಾಯ ತೀರಿಸಲು ಮತ್ತೆ ಬರುತ್ತಾನೆ. ಪವಿತ್ರಾತ್ಮನ ಬಗ್ಗೆ ಆಗ ಬರೀ ಒಂದು ಮಾತು. ಉಳಿದದ್ದೆಲ್ಲ ಸೇರಿದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ. ಲಿಬಿಯಾದ ಇಬ್ಬರು ಬಿಷಪ್‌ಗಳು ಕೊನೆವರೆಗೂ ಒಪ್ಪದೆ ಅರಿಯಸ್ ಜೊತೆ ಗಡೀಪಾರಾದರು. ಅಲ್ಲಿಗೆ ಮುಗಿಯಿತಾ? ಇಲ್ಲ. ಆಮೇಲೆ ಅಥನೇಸಿಯಸ್ಸೇ ಐದು ಸಲ ಗಡೀಪಾರಾದ. ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಹೊತ್ತಿಗೆ ದೀಕ್ಷಾಸ್ನಾನ ತಗೊಂಡದ್ದು ಅರಿಯಸ್ ಕಡೆಗೆ ವಾಲಿದ್ದ ಬಿಷಪ್ ಕೈಯಿಂದ!

ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು ಅಂತ ಇಲ್ಲಿ ವೋಟ್ ಹಾಕಿ ತೀರ್ಮಾನ ಮಾಡಿದರು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತದಲ್ಲ, ಅದು ಸುಳ್ಳು. ಸಭೆ ಮಾಡಿದ 20 ನಿಯಮಗಳು ಈಗಲೂ ಸಿಗುತ್ತವೆ. ಪಾದ್ರಿಗಳು ಬಡ್ಡಿಗೆ ದುಡ್ಡು ಕೊಡಬಾರದು, ಭಾನುವಾರ ಮೊಣಕಾಲೂರದೆ ನಿಂತು ಪ್ರಾರ್ಥಿಸಬೇಕು, ಇಂಥವು. ಪುಸ್ತಕಗಳ ಪಟ್ಟಿ ಅದರಲ್ಲಿಲ್ಲ.

ಸಭೆ ನಡೆದ ಅರಮನೆಯ ಗುರುತು ಸಿಕ್ಕಿಲ್ಲ. ನೋಡಲು ಸಿಗುವುದು ಸರೋವರದ ಅಂಚಿನ ಒಂದು ಹಳೇ ಚರ್ಚಿನ ಪಾಯ. ವಿಮಾನದಿಂದ ತೆಗೆದ ಫೋಟೋದಲ್ಲಿ ನೀರೊಳಗೆ ಅದರ ಆಕಾರ ಕಂಡು, 2014ರಲ್ಲಿ ಲೋಕಕ್ಕೆ ಗೊತ್ತಾಯಿತು. ಸಭೆ ಕೂತ ಮೇಲೆ, ಹುತಾತ್ಮ ನಿಯೊಫೈಟಸ್ ಹೆಸರಿನಲ್ಲಿ ಕಟ್ಟಿದ್ದಿರಬೇಕು ಅಂತ ಸಂಶೋಧಕರ ಊಹೆ. ಈಚೆಗೆ ಸರೋವರದ ನೀರು ಹಿಂದೆ ಸರಿದು ಕಲ್ಲುಗಳು ಹೊರಗೆ ಬಂದಿವೆ. ಮೊಣಕಾಲೆತ್ತರದ ಗೋಡೆಗಳು, ಪೂರ್ವದ ತುದಿಯಲ್ಲಿ ಅರ್ಧವೃತ್ತ, ಸಂದಿಗಳಲ್ಲಿ ಒಣಗಿದ ಪಾಚಿ. 2025ರ ನವೆಂಬರ್‌ನಲ್ಲಿ ಪೋಪ್ ಹದಿನಾಲ್ಕನೇ ಲಿಯೋ ಮತ್ತು ಆರ್ಥೊಡಾಕ್ಸ್ ಚರ್ಚಿನ ಹಿರಿಯ ಗುರು, ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಬಾರ್ತೊಲೊಮ್ಯೂ 1700ನೇ ವರ್ಷದ ನೆನಪಿಗೆ ಜೊತೆಯಾಗಿ ಪ್ರಾರ್ಥಿಸಿದ್ದು ಇಲ್ಲೇ.

ಊರಿನ ನಡುವೆ ಅಯಾಸೋಫಿಯಾ ಇದೆ, ಇಸ್ತಾಂಬುಲ್‌ನದಲ್ಲ, ಇಲ್ಲಿಯದೇ. ಮೊದಲು ಚರ್ಚು, 1331ರಲ್ಲಿ ಊರು ಆಟೋಮನ್ನರ ಕೈಸೇರಿದ ಮೇಲೆ ಮಸೀದಿ, ನಡುವೆ ಮ್ಯೂಸಿಯಂ, 2011ರಿಂದ ಮತ್ತೆ ಮಸೀದಿ. ರಸ್ತೆಮಟ್ಟದಿಂದ ಕೆಳಗೆ ಇಳಿದು ಹೋಗಬೇಕು. ಹಿಂದಿನ ಗರ್ಭಗುಡಿಯಂಥ ಜಾಗದಲ್ಲಿ ಪಾದ್ರಿಗಳು ಕೂರುತ್ತಿದ್ದ ಅರ್ಧವೃತ್ತದ ಕಲ್ಲು ಮೆಟ್ಟಿಲುಗಳು ಉಳಿದಿವೆ. 787ರಲ್ಲಿ ಇನ್ನೊಂದು ಸಭೆ ಇಲ್ಲೇ ಸೇರಿ, ಚರ್ಚಿನಲ್ಲಿ ಚಿತ್ರಗಳನ್ನು ಇಡಬಹುದು, ಗೌರವಿಸಬಹುದು ಅಂತ ತೀರ್ಮಾನಿಸಿತು. ವಿಗ್ರಹ ಮಾಡಬೇಡ ಅನ್ನುವ ಆಜ್ಞೆ ಇದೆಯಲ್ಲ ಅಂದವರಿಗೆ ಸಿಕ್ಕ ಉತ್ತರ: ದೇವರೇ ಕಣ್ಣಿಗೆ ಕಾಣುವ ಮನುಷ್ಯನಾದ ಮೇಲೆ ಅವನನ್ನು ಬರೆಯಬಹುದು. ಗೆಳೆಯ ಮಾತ್ರ ಇದಕ್ಕೆ ತಲೆದೂಗಲಿಲ್ಲ. ಅವರ ಚರ್ಚಿನಲ್ಲಿ ಬರೀ ಸುಣ್ಣದ ಗೋಡೆ, ಒಂದು ಶಿಲುಬೆ. "ಮೊದಲ್ನೇ ಸಭಾ ನಮ್ಮದು, ಇದು ಕ್ಯಾಥೊಲಿಕ್ಕರದು" ಅಂದುಬಿಟ್ಟ. ಆರ್ಥೊಡಾಕ್ಸಿನವರು ಕೇಳಿದ್ದರೆ ಏನನ್ನುತ್ತಿದ್ದರೋ.

ಮಧ್ಯಾಹ್ನ ಕೊಫ್ತೆ, ಬ್ರೆಡ್ಡು, ಆಮೇಲೆ ಸಣ್ಣ ಗ್ಲಾಸಿನಲ್ಲಿ ಕಡು ಚಹಾ. ನಾನು ಕೇಳಿದೆ, ಈಗಲೂ ಅರಿಯಸ್ ತರ ಹೇಳುವವರು ಇದ್ದಾರಾ?

"ಇಲ್ದ ಏನು? ಯೆಹೋವನ ಸಾಕ್ಷಿಗಳು ನಮ್ಮನೀಗೇ ಬರ್ತಾರ. ಅವ್ರು ಹದಿನಾಲ್ಕನೇ ಅಧ್ಯಾಯ ತಗೀತಾರ, ನಮ್ಮಪ್ಪ ಒಂದನೇ ಅಧ್ಯಾಯ ತಗೀತಾರ. ಎರಡು ತಾಸು ನಡೀತದ."

"ಯಾರು ಗೆಲ್ತಾರೆ?"

"ಯಾರೂ ಇಲ್ಲ. ಅವ್ವನ ಚಹಾ ಚಲೋ ಇರ್ತದ, ಮುಂದಿನ ತಿಂಗಳ ಮತ್ತ ಬರ್ತಾರ."