ಹಳೆಯ ಟರ್ಬೈನಿಗೆ ಹೊಸ ಪಿಎಲ್‌ಸಿ

ಪುಣೆಯ ಭೋಸರಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳನ್ನು ಕಟ್ಟುವ ಕೆಲಸದಲ್ಲಿರುವ ನನ್ನನ್ನು, ಧಾರವಾಡದ ಕಡೆಯ ಸಹೋದ್ಯೋಗಿಯೊಬ್ಬರು ಕಳೆದ ವಾರ ಕೇಳಿದರು: "ಸಣ್ಣ ಗ್ಯಾಸ್ ಟರ್ಬೈನಿನ ರಿಲೇ ಪ್ಯಾನೆಲ್ ತೆಗೆದು ಪಿಎಲ್‌ಸಿ ಕೂರಿಸಿದರೆ ಸಾಕಲ್ಲವೇ, ಸರ್?"

ಪಿಎಲ್‌ಸಿ ಎಂದರೆ ಬರೆದುಕೊಟ್ಟ ಪ್ರೋಗ್ರಾಮಿನಂತೆ ಯಂತ್ರವನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್. ಯಂತ್ರ ಗಟ್ಟಿಯಾಗಿದ್ದರೂ ಅದರ ಹಳೆಯ ರಿಲೇ (ವಿದ್ಯುತ್ತಿನಿಂದ ಆಡುವ ಸ್ವಿಚ್), ಟೈಮರ್, ಕಾರ್ಡುಗಳಿಗೆ ಬದಲಿ ಸಿಗದಿರುವುದೇ ಇಂಥ ನವೀಕರಣಕ್ಕೆ ಹೆಚ್ಚಾಗಿ ಕಾರಣವಾಗುತ್ತದೆ. ಸ್ಟಾರ್ಟರ್‌ನಿಂದ ತಿರುಗಿಸುವುದು, ಒಳಗೆ ಉಳಿದ ಅನಿಲವನ್ನು ಗಾಳಿಯಿಂದ ಹೊರದೂಡುವುದು, ಕಿಡಿ ಹೊತ್ತಿಸಿ ಜ್ವಾಲೆಯನ್ನು ಖಚಿತಪಡಿಸಿಕೊಳ್ಳುವುದು, ಇವನ್ನೆಲ್ಲ ಪಿಎಲ್‌ಸಿ ಸಲೀಸಾಗಿ ನಡೆಸುತ್ತದೆ. ಕಷ್ಟವಿರುವುದು ಇಂಧನದ ವಾಲ್ವ್‌ನಲ್ಲಿ. ವೇಗ, ವೇಗೋತ್ಕರ್ಷ, ಹೊರಬರುವ ಅನಿಲದ ಉಷ್ಣತೆ, ಈ ಮೂರರಲ್ಲಿ ಯಾವುದು ಅತಿ ಕಡಿಮೆ ಇಂಧನ ಕೇಳುತ್ತದೆಯೋ ಅದರ ಮಾತೇ ನಡೆಯಬೇಕು. ಆ ಲೆಕ್ಕ ಕೆಲವೇ ಮಿಲಿಸೆಕೆಂಡುಗಳಿಗೊಮ್ಮೆ ತಪ್ಪದೆ ಆಗುತ್ತಿರಬೇಕು, ಏಕೆಂದರೆ ವಿದ್ಯುತ್ ಸಂಪರ್ಕದ ಸ್ವಿಚ್ಚಾದ ಬ್ರೇಕರ್ ತೆರೆದು ಲೋಡ್ ಒಮ್ಮೆಲೇ ಕಳಚಿದಾಗ ರೋಟರಿನ ವೇಗ ಬಹು ಬೇಗ ಏರುತ್ತದೆ. ಆದ್ದರಿಂದ, ಸಾಮಾನ್ಯವಾಗಿ ನಿಗದಿತ ವೇಗದ ಶೇಕಡಾ 110ರ ಆಸುಪಾಸಿನಲ್ಲಿ ಟ್ರಿಪ್ ಮಾಡುವ, ಅಂದರೆ ಇಂಧನ ಕಡಿದು ಯಂತ್ರವನ್ನು ನಿಲ್ಲಿಸುವ, ಅತಿವೇಗ ರಕ್ಷಣೆಯನ್ನು ಅದೇ ಪ್ರೋಗ್ರಾಮಿನೊಳಗೆ ಮಾತ್ರ ಬರೆದು ಬಿಡುವುದನ್ನು ನಾನು ಒಪ್ಪುವುದಿಲ್ಲ. ವೇಗ ಅಳೆಯುವ ಮೂರು ಸ್ವತಂತ್ರ ಸೆನ್ಸರ್‌ಗಳು, ಟ್ರಿಪ್ ಆಗಲು ಅವುಗಳಲ್ಲಿ ಎರಡರ ಸಹಮತ, ಇಂಧನದ ವಾಲ್ವ್‌ಗೆ ನೇರ ತಂತಿ: ಇಷ್ಟನ್ನು ಪ್ರತ್ಯೇಕವಾಗಿಯೇ ಇಡಬೇಕೆಂದು ಅವರಿಗೆ ಹೇಳಿದೆ. ಅವರು ನಕ್ಷೆಯನ್ನು ತಿದ್ದಿ ಮರುದಿನವೇ ತಂದರು.