ಗಣಪತಿ ಹಾಲು ಕುಡಿದನಂತೆ

1995ರ ಸೆಪ್ಟೆಂಬರ್ 21, ಗುರುವಾರ. ಬೆಳಗಾಗುವ ಮುಂಚೆ ದೆಹಲಿಯಲ್ಲಿ ಎದ್ದ ಸುದ್ದಿ ಫೋನಿನಿಂದ ಫೋನಿಗೆ ಹಾರಿ ಊರೂರು ತಲುಪಿತು: ‘ಗಣಪತಿ ಹಾಲು ಕುಡೀತಾನಂತೆ!’ ಹೊತ್ತೇರುವಷ್ಟರಲ್ಲಿ ದೇವಸ್ಥಾನಗಳ ಮುಂದೆ ಲೋಟ, ಚಮಚ ಹಿಡಿದವರ ಸಾಲು.

ಆ ಮಾತಿನ ಬಾಲದಲ್ಲಿ ಅಂಟಿಕೊಂಡ ‘ಅಂತೆ’ ಬಲು ಕಿಲಾಡಿ. ಗಾಳಿಸುದ್ದಿ, ವದಂತಿ, ಗುಲ್ಲು ಎನ್ನುವವರು ಸುದ್ದಿಯನ್ನು ಮೊದಲೇ ಅರ್ಧ ತಳ್ಳಿಹಾಕಿರುತ್ತಾರೆ. ‘ಅಂತೆ’ ಹಾಗಲ್ಲ, ನಂಬಿದವರಿಗೂ ಬೇಕು, ನಂಬದವರಿಗೂ ಬೇಕು. ‘ನಾನು ಕಂಡದ್ದಲ್ಲ, ಕೇಳಿದ್ದು’ ಎಂಬುದಷ್ಟೇ ಅದರ ಕರಾರು. ಕ್ರಿಯಾಪದಕ್ಕೆ ಅಂಟುತ್ತದೆ (ಬಂದರಂತೆ), ನಾಮಪದಕ್ಕೂ ಅಂಟುತ್ತದೆ (ಅವರು ಮೇಷ್ಟ್ರಂತೆ). ಧಾರವಾಡದ ಕಡೆ ‘ಬರ್ತಾನಂತ’. ತನ್ನ ಬಗ್ಗೆ ತಾನೇ ‘ಅಂತೆ’ ಹಾಕಿಕೊಳ್ಳುವುದು ಅಪರೂಪ. ಆದರೆ ‘ಹುಟ್ಟಿದಾಗ ನಾನು ಅಳಲೇ ಇಲ್ಲವಂತೆ’ ಎನ್ನಲು ಅದಿಲ್ಲದೆ ಗತಿಯಿಲ್ಲ. ದನಿ ಎಳೆದರೆ ಕುಹಕ: ‘ಇವರಿಗೆ ಪುರುಸೊತ್ತೇ ಇಲ್ಲವಂತೆ!’ ‘ಹೇಳಿದಂತೆ ಮಾಡು’ ಎಂಬಲ್ಲಿರುವುದು ಬೇರೆಯದೇ ‘ಅಂತೆ’. ಅದಕ್ಕೆ ‘ಹಾಗೆ’ ಎಂದು ಅರ್ಥ. ಪತ್ರಿಕೆಗಳ ‘ಎನ್ನಲಾಗಿದೆ’ ಮಾತ್ರ ಕೇಳಿದ್ದನ್ನು ಹೇಳುವ ಮೊದಲಿನ ‘ಅಂತೆ’ಯೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿರುತ್ತದೆ ಅಷ್ಟೆ.

ಆ ದಿನದ ಎಡವಟ್ಟು ಸಾಲಿನ ಕೊನೆಯಲ್ಲಾಯಿತು. ಗರ್ಭಗುಡಿಯಿಂದ ಈಚೆ ಬಂದವರ ಬಾಯಿಂದ ‘ಅಂತೆ’ ಉದುರಿಹೋಗಿತ್ತು. ‘ಕುಡಿದ, ನಾನೇ ನೋಡಿದೆ.’ ನೋಡಿದ್ದೇನು? ತುಂಬಿದ ಚಮಚವನ್ನು ಸೊಂಡಿಲಿಗೆ ತಾಗಿಸಿ ತುಸು ವಾಲಿಸಿದಾಗ ಹಾಲು ಇಳಿದದ್ದು. ಅಂಚಿನಲ್ಲಿ ಉಬ್ಬಿ ನಿಂತ ಹಾಲು ಕಲ್ಲಿಗೆ ತಗುಲಿದೊಡನೆ ಮೇಲ್ಮೈ ಎಳೆತದಿಂದ ಅದರ ಮೇಲೆ ಹರಡಿಕೊಳ್ಳುತ್ತದೆ. ಆಮೇಲೆ ತೆಳ್ಳಗೆ ಪೊರೆಯಾಗಿ ಕೆಳಕ್ಕೆ ಜಾರುತ್ತದೆ. ಬಿಳಿ ಅಮೃತಶಿಲೆಯಾದರಂತೂ ಆ ಪೊರೆ ಕಣ್ಣಿಗೇ ಬೀಳದು. ಕೇಂದ್ರ ಸರ್ಕಾರದ ವಿಜ್ಞಾನಿಗಳು ದೆಹಲಿಯ ದೇವಸ್ಥಾನವೊಂದರಲ್ಲಿ ಹಾಲಿಗೆ ಬಣ್ಣ ಬೆರೆಸಿ ಹಿಡಿದರು. ಸೊಂಡಿಲು ‘ಕುಡಿದ’ ಹಾಲೆಲ್ಲ ಮೂರ್ತಿಯ ಮೈಮೇಲೆಯೇ ಇಳಿಯುತ್ತಿದ್ದದ್ದು ಕಂಡಿತು.

‘ಚಮಚ ಖಾಲಿಯಾಯಿತು’ ಎಂಬುದು ಕಂಡದ್ದು, ‘ಕುಡಿದಿರಬೇಕು’ ಊಹಿಸಿದ್ದು, ‘ಕುಡಿದನಂತೆ’ ಕೇಳಿದ್ದು. ಮೂರಕ್ಕೂ ಕನ್ನಡದಲ್ಲಿ ಬೇರೆ ಬೇರೆ ರೂಪಗಳಿವೆ. ಅಂದು ಎಲ್ಲರೂ ಮೂರನ್ನೂ ಬಿಟ್ಟು ‘ಕುಡಿದ’ ಎಂದುಬಿಟ್ಟರು.

‘ಯಾರು ನೋಡಿದ್ದು?’ ಎಂದು ಪಟ್ಟು ಹಿಡಿದು ಕೇಳಿದರೆ ಇವತ್ತಿಗೂ ಬರುವ ಉತ್ತರ ಒಂದೇ: ‘ಆಚೆ ಬೀದಿಯವರು ಕಣ್ಣಾರೆ ಕಂಡರಂತೆ.’