ಎರಡು ಬೆರಳು, ಒಂದು ಸ್ಟಾಂಪ್ ಪೇಪರ್

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದಾದರೂ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತು, ಗ್ಲಾಸ್ ಹಿಡಿದ ಕೈಗಳನ್ನು ನೋಡಿ. ಒಬ್ಬನದಾದರೂ ಬೆರಳು ಮೊಟಕಾಗಿರುತ್ತದೆ. ತಗಡು ಒತ್ತುವ ಪ್ರೆಸ್ ಮಷೀನಿನಲ್ಲಿ ಕೆಲಸ ಮಾಡಿದವರು. ಇಲ್ಲಿನ ಸಣ್ಣ ವರ್ಕ್‌ಶಾಪ್‌ಗಳಿಗೆ ಹದಿನಾರು ವರ್ಷದಿಂದ ಲೆಕ್ಕ ಬರೆಯುತ್ತಿರುವ ನನಗೆ ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು, ನಮ್ಮ ಚಿಕ್ಕಪ್ಪನ ಮಗನ ಎರಡು ಬೆರಳು ಹೋಗುವ ತನಕ.

2022ರ ಮಳೆಗಾಲ. ಅವನಿಗಾಗ 30 ವರ್ಷ, ಸಂಬಳ 14,000. ಏಳು ಜನರ ಸಣ್ಣ ಶಾಪ್, ರಾತ್ರಿ ಓಟಿ. ಪವರ್ ಪ್ರೆಸ್ ಮುಂದೆ ಕೈ ಒಳಗೆ ಹೋಗದ ಹಾಗೆ ಒಂದು ಜಾಲರಿ ಇರಬೇಕು. ಅದಿದ್ದರೆ ಪೀಸ್ ಕಮ್ಮಿ ಬೀಳುತ್ತವೆ ಅಂತ ಮೇಸ್ತ್ರಿ ಯಾವತ್ತೋ ಬಿಚ್ಚಿಸಿ ಗೋಡೆಗೆ ಒರಗಿಸಿದ್ದ. ತಗಡಿನ ಚೂರು ಡೈಗೆ, ಅಂದರೆ ಅಚ್ಚಿಗೆ, ಅಂಟಿಕೊಂಡಿತು, ಇವನು ಬಲಗೈ ಹಾಕಿ ಎತ್ತೋಕೆ ಹೋದ, ಕಾಲು ಪೆಡಲ್ ಮೇಲೇ ಇತ್ತು. ಅಷ್ಟೇ. ತೋರುಬೆರಳು, ನಡುಬೆರಳು ಎರಡೂ ಬುಡದಿಂದ ಹೋದವು.

ಓನರ್ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ತನ್ನ ಕಾರಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದ, ಬಿಲ್ ಕಟ್ಟಿದ. ಮೂರು ವಾರ ಆದ ಮೇಲೆ ಮನೆಗೆ ಬಂದು 25,000 ಕೈಯಲ್ಲಿಟ್ಟು ಒಂದು ಸ್ಟಾಂಪ್ ಪೇಪರ್ ಮುಂದೆ ಹಿಡಿದ. ನಾನು ಅಲ್ಲೇ ಇದ್ದೆ. ಓದಿದೆ. "ನನ್ನ ಅಜಾಗರೂಕತೆಯಿಂದ ಆದ ಅಪಘಾತಕ್ಕೆ ಮಾಲೀಕರು ಮಾನವೀಯ ದೃಷ್ಟಿಯಿಂದ ನೀಡಿದ ಹಣವನ್ನು ಪಡೆದಿದ್ದು, ಮುಂದೆ ಯಾವುದೇ ತಕರಾರು ಇರುವುದಿಲ್ಲ." ಓದುತ್ತಾ ನನಗೆ ಬೆವರು ಬಂತು. ಯಾಕೆ ಅಂದರೆ ಹೆಚ್ಚೂಕಮ್ಮಿ ಇದೇ ಸಾಲುಗಳನ್ನು, ಇದೇ "ಮಾನವೀಯ ದೃಷ್ಟಿ" ಸಮೇತ, ಹಿಂದೊಮ್ಮೆ ನಾನೇ ನನ್ನ ಓನರ್‌ಗೆ ಟೈಪ್ ಮಾಡಿಕೊಟ್ಟಿದ್ದೆ. ಆ ಕಥೆ ಆಮೇಲೆ.

ನಮ್ಮ ಹುಡುಗ ಎಡಗೈಯಲ್ಲಿ ಪೆನ್ ಹಿಡಿದು ಸಹಿ ಹಾಕೋಕೆ ರೆಡಿ. ತಡೆದೆ. "ಬಿಡಣ್ಣ, ನಂದೇ ತಪ್ಪು, ಕಾಲು ತೆಗೀಬೇಕಿತ್ತು" ಅಂದ.

ಈ "ನಂದೇ ತಪ್ಪು" ಅನ್ನೋ ಮಾತೇ ನಮ್ಮ ಜನರನ್ನು ಮುಳುಗಿಸುವುದು. ಪರಿಹಾರ ಸಿಗುತ್ತಾ ಇಲ್ಲವಾ ಅನ್ನುವುದಕ್ಕೆ ತಪ್ಪು ಯಾರದು ಅನ್ನೋದು ಪ್ರಶ್ನೆಯೇ ಅಲ್ಲ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ ಕೇಳುತ್ತಿದ್ದುದು ಬೇರೆ: ಪೆಟ್ಟು ಕೆಲಸದ ಕಾರಣದಿಂದ ಆಯಿತಾ, ಕೆಲಸದ ಹೊತ್ತಿನಲ್ಲಿ ಆಯಿತಾ? ಎರಡಕ್ಕೂ ಹೌದು ಅಂದರೆ ಓನರ್ ಕೊಡಬೇಕು. ಕೈ ತಪ್ಪಿತು, ಗಮನ ಎಲ್ಲೋ ಇತ್ತು, ನಿದ್ದೆಗಣ್ಣಿತ್ತು, ಇದ್ಯಾವುದೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಕೆಲವೇ. ಕುಡಿದಿದ್ದರಿಂದ ಆದ ಪೆಟ್ಟು, ಸುರಕ್ಷತೆಗೆ ಅಂತ ಕೊಟ್ಟ ಆದೇಶವನ್ನು ಬೇಕಂತಲೇ ಮೀರಿದ್ದು, ಜಾಲರಿಯಂಥದ್ದನ್ನು ತಾನೇ ಬೇಕಂತ ತೆಗೆದಿದ್ದು. ಜೀವವೇ ಹೋಗಿದ್ದರೆ ಅಥವಾ ಪೂರ್ತಿ ಶಾಶ್ವತ ಅಂಗವಿಕಲತೆ ಆಗಿದ್ದರೆ ಈ ನೆಪಗಳೂ ನಡೆಯುವುದಿಲ್ಲ. ನಮ್ಮ ಕೇಸಲ್ಲಿ ಜಾಲರಿ ತೆಗೆಸಿದ್ದು ಮೇಸ್ತ್ರಿ. ಅದು ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು, ಜೊತೆಯಲ್ಲಿದ್ದ ಹುಡುಗ ಮೊಬೈಲಲ್ಲಿ ಫೋಟೋ ಹೊಡೆದಿಟ್ಟಿದ್ದ.

"ಅವನು ಪರ್ಮನೆಂಟ್ ಅಲ್ಲ, ಕಂತ್ರಾಟುದಾರ ಕಳಿಸಿದ್ದು" ಅಂತ ಓನರ್ ಶುರು ಮಾಡಿದ. ಅದಕ್ಕೂ ಉತ್ತರ ಇದೆ. ಸೇರಿ ಎರಡೇ ದಿನ ಆಗಿದ್ದರೂ ನಡೆಯುತ್ತದೆ. ಕಂತ್ರಾಟುದಾರನ ಕಡೆಯವನಾದರೂ ಯಾರ ಶೆಡ್ಡಲ್ಲಿ ಯಾರ ಕೆಲಸ ನಡೆಯುತ್ತಿತ್ತೋ ಆ ಮುಖ್ಯ ಮಾಲೀಕನ ಹತ್ತಿರವೇ ಕೇಳಬಹುದು, ಆಮೇಲೆ ಅವನು ಕಂತ್ರಾಟುದಾರನಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರಿಬ್ಬರ ಜಗಳ.

ಇನ್ನು ಲೆಕ್ಕ, ನನ್ನ ಕಸುಬು. ಸಂಬಳದ 60 ಪರ್ಸೆಂಟ್ ಅಂದರೆ 8,400. ಕಾಯ್ದೆಯಲ್ಲಿ ವಯಸ್ಸಿಗೊಂದು ಅಂಕಿ ಇದೆ, 30ಕ್ಕೆ 207.98. ಗುಣಿಸಿದರೆ 17,47,032, ಇದು ಪೂರ್ತಿ ಶಾಶ್ವತ ಅಂಗವಿಕಲತೆಯ ಮೊತ್ತ. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿ 20 ಪರ್ಸೆಂಟ್ ಹೋಯಿತು ಅಂತ ಪಟ್ಟಿಯಲ್ಲೇ ಬರೆದಿದೆ. ಹೆಬ್ಬೆರಳಿಗೆ 30. ಬೆರಳಿಗೊಂದು ರೇಟು ಅಂತ ಮೊದಲು ನೋಡಿದಾಗ ಹೊಟ್ಟೆ ತೊಳಸಿತು, ನಿಜ. 17,47,032ರ ಇಪ್ಪತ್ತು ಪರ್ಸೆಂಟ್ ಅಂದರೆ 3,49,406 ರೂಪಾಯಿ. ಓನರ್ ತಂದಿದ್ದು 25,000. ಅವನು ಕಟ್ಟಿದ ಆಸ್ಪತ್ರೆ ಬಿಲ್ಲನ್ನು ಇದರಲ್ಲಿ ಕಳೆಯುವ ಹಾಗೂ ಇಲ್ಲ, ಚಿಕಿತ್ಸೆ ಖರ್ಚು ಬೇರೆಯದೇ ಬಾಬ್ತು. ಒಂದು ಮಿತಿ ಮಾತ್ರ ಗೊತ್ತಿರಲಿ. 2020ರ ಜನವರಿಯಿಂದ ಈ ಲೆಕ್ಕಕ್ಕೆ ಹಿಡಿಯುವ ಸಂಬಳ ಹೆಚ್ಚೆಂದರೆ 15,000. ನಿಮಗೆ 30,000 ಬರುತ್ತಿದ್ದರೂ ಹಿಡಿಯುವುದು ಅಷ್ಟೇ.

ಹತ್ತು ಜನಕ್ಕಿಂತ ಕಮ್ಮಿ ಇದ್ದ ಜಾಗವಾದ್ದರಿಂದ ನಾವು ಈ ದಾರಿ ಹಿಡಿದೆವು. ಹತ್ತು ಅಥವಾ ಜಾಸ್ತಿ ಜನ ಇದ್ದು ಸಂಬಳ 21,000ದ ಒಳಗಿದ್ದರೆ ಸಾಮಾನ್ಯವಾಗಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಬರುತ್ತದೆ. ಆಗ ಓನರ್ ಮೇಲೆ ಈ ಕಾಯ್ದೆಯ ಕೇಸ್ ಇಲ್ಲ, ಇಎಸ್‌ಐಯಿಂದಲೇ ತಗೋಬೇಕು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ 90 ಪರ್ಸೆಂಟ್, ಶಾಶ್ವತ ಊನ ಆದರೆ ತಿಂಗಳು ತಿಂಗಳು ಹಣ. ಜ್ವರಕ್ಕೆ ರಜೆ ಹಣ ಬೇಕು ಅಂದರೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅಂತ ಇದೆ. ಕೆಲಸದಲ್ಲಿ ಆದ ಪೆಟ್ಟಿಗೆ ಆ ಷರತ್ತು ಇಲ್ಲ, ಮೊದಲ ದಿನವೇ ಆದರೂ ಸಿಗುತ್ತದೆ.

ಕಾಯಿಲೆಯೂ ಇದರಲ್ಲಿ ಬರುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕಲ್ಲಿನ ಧೂಳು ಕುಡಿದು ಬರುವ ಸಿಲಿಕೋಸಿಸ್, ಬ್ಯಾಟರಿ ಕೆಲಸದಲ್ಲಿ ಮೈಗೆ ಸೇರುವ ಸೀಸದ ವಿಷ, ಸದ್ದಿಗೆ ಕಿವಿ ಕೇಳಿಸದೆ ಹೋಗುವುದು, ಎಲ್ಲ ಪಟ್ಟಿಯಲ್ಲಿವೆ. ಬೆರಳಾದರೆ ಎಲ್ಲರಿಗೂ ಕಾಣುತ್ತದೆ. ಕಿವಿ ಹೋಗಿದ್ದು ಹೆಂಡತಿಗೆ ಮಾತ್ರ ಗೊತ್ತಾಗುತ್ತದೆ, ಅದೂ ಜಗಳ ಆಡುವಾಗ.

ನಮಗೆ ಕಷ್ಟ ಆಗಿದ್ದು ಸಂಬಳ ಸಾಬೀತು ಮಾಡೋದು. ಕೈಗೆ ಕ್ಯಾಶ್, ಮಸ್ಟರ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಹೆಸರೇ ಇಲ್ಲ. ಪುಣ್ಯಕ್ಕೆ ನಾಲ್ಕು ತಿಂಗಳು ಫೋನ್‌ಪೇಯಲ್ಲಿ ಹಾಕಿದ್ದರು. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಡಾಕ್ಟರ್ "ಪ್ರೆಸ್ ಮಷೀನಿಗೆ ಸಿಕ್ಕಿ" ಅಂತ ಬರೆದಿದ್ದರು, ಆ ಮೂರು ಪದ ನಮ್ಮನ್ನು ಕಾಪಾಡಿತು. ಯಾರಾದರೂ "ಬಾಗಿಲಿಗೆ ಸಿಕ್ಕಿತು ಅಂತ ಬರೆಸು, ಪೊಲೀಸ್ ತಾಪತ್ರಯ ಇರಲ್ಲ" ಅಂದರೆ ದಯವಿಟ್ಟು ಕೇಳಬೇಡಿ. ವಕೀಲರ ಕಡೆಯಿಂದ ನೋಟಿಸ್ ಕಳಿಸಿ ಅರ್ಜಿ ಹಾಕಿದೆವು. ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತಿತ್ತು, ನಮಗೆ ಹತ್ತಿರ ಎರಡು ವರ್ಷ ಹಿಡಿಯಿತು. ಒಂದು ತಿಂಗಳ ಒಳಗೆ ಕೊಡದಿದ್ದರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಸೇರುತ್ತದೆ, ಹಾಗಾಗಿ ಎಳೆದಾಡಿದ ಓನರ್‌ಗೇ ಜಾಸ್ತಿ ಬಿತ್ತು.

2025ರ ನವೆಂಬರ್ 21ರಿಂದ ಈ ಹಳೇ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. ಕೆಲಸದ ಕಾರಣ, ಕೆಲಸದ ಹೊತ್ತು ಅನ್ನುವ ಅಳತೆ ಹಾಗೇ ಇದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆಗುವ ಅಪಘಾತವನ್ನು, ಕೆಲಸಕ್ಕೂ ಅದಕ್ಕೂ ನಂಟಿದ್ದರೆ, ಈಗ ಕಾನೂನಿನಲ್ಲೇ ಬರೆದು ಸೇರಿಸಿದ್ದಾರೆ.

ಈಗ ನಾನು ಟೈಪ್ ಮಾಡಿದ ಪೇಪರ್ ವಿಷಯ. ಅಂಥ ಒಪ್ಪಂದದಲ್ಲಿ ಕಾಯ್ದೆಯ ಪರಿಹಾರ ಬಿಟ್ಟುಕೊಟ್ಟೆ ಅಂತ ಸಹಿ ಹಾಕಿದ್ದರೂ ಅದಕ್ಕೆ ಬೆಲೆ ಇಲ್ಲ ಅಂತ ವಕೀಲರು ಅವತ್ತೇ ಹೇಳಿದ್ದರು. ವಾಪಸ್ ಬಂದು ನಮ್ಮ ವೋಚರ್ ಫೈಲ್ ತೆಗೆದೆ. ಹೆಬ್ಬೆರಳು, 15,000 ರೂಪಾಯಿ, ಕೆಳಗೆ ನಮ್ಮ ಶಾಪ್‌ನ ಆ ಕೆಲಸಗಾರನ ವಕ್ರ ಸಹಿ. ಅರ್ಜಿ ಹಾಕೋಕೆ ಇರುವ ಎರಡು ವರ್ಷ ಮುಗಿದು ನಾಲ್ಕು ತಿಂಗಳಾಗಿತ್ತು. ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ತಗೊಳ್ಳುವ ಅವಕಾಶ ಇದೆ ಅಂತ ವಕೀಲರು ಅಂದರು. ಫೋನ್ ಮಾಡಿದೆ. ಊರಿಗೆ ಹೋಗಿ ಕುರಿ ಸಾಕಿಕೊಂಡಿದ್ದಾನೆ.

ಎಲ್ಲ ಹೇಳಿ, "ಪೇಪರ್ ಏನಿದ್ರೂ ತಗೊಂಡು ಒಂದ್ಸಲ ಬಾರಪ್ಪ" ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಯಾವ ಪೇಪರ್ ಸಾರ್, ಅದು ನಿಮ್ಮ ಹತ್ರಾನೇ ಇದೆಯಲ್ಲ" ಅಂದ.